ಹ್ಯಾಂಕ್ ಉಳಿಯಬೇಕಾದರೆ

ಅಮೆರಿಕದ ಆರೆಗನ್ ರಾಜ್ಯದ ನಮ್ಮ ಪುಟ್ಟ ಊರಿನ ಅಂಚೆ ಕಚೇರಿಯ ಸಾಲಿನಲ್ಲಿ, ನನ್ನ ಮುಂದಿದ್ದ ವರ್ನಾ ಅಜ್ಜಿಯ ಚೀಲದೆದುರು ಪೊಲೀಸ್ ನಾಯಿ ಹ್ಯಾಂಕ್ ಕುಳಿತುಬಿಟ್ಟಿತು. ಕುಳಿತರೆ ಗಾಂಜಾ ಸಿಕ್ಕಿತೆಂದು ಅರ್ಥ. ಆದರೆ ಅಂಗಡಿಯಲ್ಲಿ ಕೊಂಡ ಗಾಂಜಾ ಇಲ್ಲಿ ಕಾನೂನುಬದ್ಧ.

“ಲೈಲ್, ಇದು ಲೈಸೆನ್ಸ್ ಇರೋ ಅಂಗಡೀದಪ್ಪ. ಮಂಡಿನೋವಿಗೆ.”

“ಗೊತ್ತಜ್ಜಿ. ಇವನಿಗೆ ಲೈಸೆನ್ಸ್ ಓದೋಕೆ ಬರಲ್ಲ,” ಎಂದ ನಾಯಿಯ ಹಗ್ಗ ಹಿಡಿದಿದ್ದ ಪೇದೆ.

“ಸರ್ಕಾರದ ಅನುದಾನದಲ್ಲಿ ತಂದ ನಾಯಿ ಅಲ್ವಾ?”

“ಹೂಂ. ಈ ತಿಂಗಳು ಒಂದಾದ್ರೂ ಕಳ್ಳ ಗಾಂಜಾ ತೋಟ ಹಿಡೀದಿದ್ರೆ ಅನುದಾನ ನಿಲ್ಲುತ್ತೆ. ಹ್ಯಾಂಕೂ ವಾಪಸ್.”

“ಇಲ್ಲೀವರೆಗೆ ಯಾರನ್ನ ಹಿಡಿದ?”

“ಮೇಯರನ್ನ. ಅವರದೂ ಅಂಗಡೀದೇ.”

“ಪಾಪ. ಮನೇಲಿ ನಾಲ್ಕೇ ಗಿಡ ಬೆಳೀಬೋದು ತಾನೆ? ನಂದು ಐದಿದೆ. ಬಂದು ಹಿಡಿ.”

“ಐದಕ್ಕೆ ತೋಟ ಅನ್ನಲ್ಲಜ್ಜಿ.”

“ಹಾಗಾದ್ರೆ ಪಕ್ಕದ ಮನೆಯವಳ ಕುಂಡಗಳನ್ನೂ ತಂದಿಡ್ತೀನಿ.”

“ನಾನಿದನ್ನ ಕೇಳಿಸ್ಕೊಂಡಿಲ್ಲ.”

“ಭಾನುವಾರ ಬಾ. ಸೇಬಿನ ಪೈ ಮಾಡಿರ್ತೀನಿ.”

ಅಂಚೆಚೀಟಿ ಕೊಂಡು ಅಜ್ಜಿ ಹೊರಟಳು. ಹ್ಯಾಂಕ್ ಎದ್ದು ಅವಳ ಚೀಲದ ಹಿಂದೆ ಹೊರಟಿತು, ಲೈಲ್ ಹಗ್ಗದ ಹಿಂದೆ.