ಜಾಗ ಬದಲಾಯಿಸ್ತಿದ್ದ ಆಯಿಲ್

ಸೋರೋದು ಯಾಕೆ ಅಂತ ತಿಳಿಯೋ ತನಕ ಸ್ಪ್ಯಾನರ್ ಮುಟ್ಟಬಾರದು ಅನ್ನೋದು ನಮ್ಮಪ್ಪನ ಕಟ್ಟಳೆ. ಅದನ್ನ ಆ ಸಲ ನಾವೆಲ್ಲ ಮುರಿದ್ವಿ ಕಣ್ರೋ, ಇಂಗ್ಲಿಷ್ ಶಾಲೇಲಿ ಓದಿದ ನಿಮ್ಮ ತಾತ ನಾನೂ ಸೇರಿ. ಈ ಹಳೇ ಟ್ರ್ಯಾಕ್ಟರ್ ಇದೆಯಲ್ಲ, ಎತ್ತಿನ ಜೋಡಿ ರೋಗ ಬಂದು ಸತ್ತ ವರ್ಷ ಅಪ್ಪ ತಂದದ್ದು. ಕಷ್ಟದ ಕಾಲ. ಡೀಸೆಲ್ ಸಿಗ್ತಿರಲಿಲ್ಲ, ಸಿಕ್ಕರೆ ಅವ್ವ ತುಪ್ಪ ಅಳೆದ ಹಾಗೆ ಅಳೆದು ಕೊಡೋಳು. ಮನೇಲಿ ಮುದ್ದೆಗೂ ಡೀಸೆಲ್ ವಾಸನೆ. ಇರಲಿ, ಎಲ್ಲಿದ್ದೆ? ಹಾಂ, ಸೋರಿಕೆ. ಕೊಟ್ಟಿಗೆ ಮೂಲೇಲಿ ತುಕ್ಕು ಹಿಡಿದು ಕೂತಿದ್ದನ್ನ ನಾನು ರಿಟೈರ್ ಆದ ಮೇಲೆ ಬಿಚ್ಚಿ, ತೊಳೆದು, ಬಣ್ಣ ಹೊಡೆಸಿ ಎಬ್ಬಿಸಿದೆ. ಮಾದಿಹಳ್ಳಿ ಕಡೆಯೋರೆಲ್ಲ ನೋಡೋಕೆ ಬರೋರು. ಬಂದೋರು ಸುಮ್ನೆ ಹೋಗ್ತಾರಾ? ಎಂಜಿನ್ ನೆತ್ತಿ ಮೇಲೆ ಗುಂಡಗೆ, ಥೇಟ್ ಲಿಂಗದ ಹಾಗೆ ಒಂದು ಮುಚ್ಚಳ ಇದೆ. ಅದಕ್ಕೆ ವಿಭೂತಿ ಬಳಿದು ಕೈಮುಗಿಯೋರು. ನಮ್ಮ ಅತ್ತಿಗೆ, ಅಂದ್ರೆ ನಿಮ್ಮ ದೊಡ್ಡಜ್ಜಿ, ಸೋಮವಾರ ಬಂತು ಅಂದ್ರೆ ತಟ್ಟೆ ಹಿಡಿದು ಹಾಜರು.

ಆಮೇಲೆ ಶುರುವಾಯ್ತು ನೋಡಿ, ಆಯಿಲ್ ತೊಟ್ಟಿಕ್ಕೋದು. ಅಣ್ಣ ಕೆಳಗಿನ ನಟ್ಟುಗಳನ್ನ ಬಿಗಿದ, ಹಿಂದಗಡೆ ಸೋರ್ತು. ನಾನು ಪುಸ್ತಕ ನೋಡಿ ಹಿಂದಿನ ಸೀಲ್ ಬದಲಾಯಿಸಿದೆ, ಪಕ್ಕದಲ್ಲಿ ಸೋರ್ತು. ಜಾವಗಲ್ಲಿನ ಮೆಕ್ಯಾನಿಕ್ ಬಸವರಾಜು ಬಂದು ಹೊಸ ಪ್ಯಾಕಿಂಗ್ ಕೂರಿಸಿ, ಅಂಟು ಬಳಿದು, "ಇನ್ನು ಬರಲ್ಲ ಬಿಡಿ ಸಾರ್" ಅಂದ. ಮುಂದಗಡೆ ಬಂತು. ನನಗೆ ಕೋಪಕ್ಕಿಂತ ಕುತೂಹಲ. ಹಳೇ ಗಾಡಿ ಒಂದು ಕಡೆ ಸೋರಬಹುದು ಸರಿ, ಹೀಗೆ ಬಾಡಿಗೆ ಮನೆ ಬದಲಾಯಿಸಿದ ಹಾಗೆ ಜಾಗ ಬದಲಾಯಿಸೋದು ಯಾಕೆ?

ಅಣ್ಣ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟ. "ಯುಗಾದಿ ಹೊನ್ನಾರಿಗೆ ಇದನ್ನೇ ಹೂಡ್ತೀನಿ ಅಂತ ಊರಿಗೆಲ್ಲ ಹೇಳ್ಕೊಂಡು ಬಂದಿದ್ದೀಯ. ವರ್ಷದ ಮೊದಲ ಉಳುಮೆ ಕಣೋ ಅದು. ಹೊಲದಲ್ಲಿ ಒಂದು ತೊಟ್ಟು ಆಯಿಲ್ ಬಿದ್ರೂ ಮಾರನೇ ದಿನ ಅರಸೀಕೆರೆ ಗುಜರಿಗೆ ಹಾಕಿಬಿಡ್ತೀನಿ."

"ಅಪ್ಪನ ಗಾಡಿ ಅಣ್ಣ."

"ಅಪ್ಪ ಇದ್ದಿದ್ರೂ ಇದನ್ನೇ ಹೇಳೋನು."

ಯುಗಾದಿ ಹಿಂದಿನ ಸೋಮವಾರ. ಎಂಜಿನ್ ಓಡ್ತಿತ್ತು, ನಾನು ಕೆಳಗೆ ಮಲಗಿ ನೋಡ್ತಿದ್ದೆ. ವಿಭೂತಿ ಹಚ್ಚೋಕೆ ಕೈ ಚಾಚಿದ ಅತ್ತಿಗೆ ಹಾಗೇ ನಿಂತುಬಿಟ್ರು.

"ಮಲ್ಲಣ್ಣ, ಏಳಪ್ಪ ಮೇಲಕ್ಕೆ. ಇದು ಉಸಿರಾಡ್ತಾ ಐತೆ."

"ಏನು ಅತ್ತಿಗೆ ಹಾಗಂದ್ರೆ?"

"ನೀನೇ ನೋಡು."

ಎದ್ದು ನೋಡಿದೆ. ಆಯಿಲ್ ಕುಡಿದು ಮೆತ್ತಗಾಗಿದ್ದ ವಿಭೂತಿ ಗುಳ್ಳೆಯಾಗಿ ಏಳೋದು, ಪಟ್ ಅಂತ ಒಡೆಯೋದು, ಮತ್ತೆ ಏಳೋದು. ಬೆರಳಲ್ಲಿ ಕೆರೆದೆ. ಮುಚ್ಚಳದ ಸುತ್ತ ಸಣ್ಣ ಸಣ್ಣ ತೂತು, ಎಲ್ಲ ವಿಭೂತಿ ತುಂಬಿ ಮುಚ್ಚಿಹೋಗಿದ್ವು. ಎಂಜಿನ್ ಒಳಗಿನ ಗಾಳಿ ಹೊರಗೆ ಹೋಗೋ ದಾರಿ ಅದು. ದಾರಿ ಕಟ್ಟಿಕೊಂಡ ಗಾಳಿ, ಎಲ್ಲಿ ಸಂದಿ ಸಿಕ್ತೋ ಅಲ್ಲಿ ಆಯಿಲ್ಲನ್ನ ಹೊರಗೆ ತಳ್ತಿತ್ತು.

"ಅನ್ನದ ಪಾತ್ರೆ ಮುಚ್ಚಳ ಅದುಮಿ ಹಿಡಿದ್ರೆ ಗಂಜಿ ಸುಮ್ಕಿರ್ತದಾ?" ಅಂದ್ರು ಅತ್ತಿಗೆ.

ಮುಚ್ಚಳ ತೊಳೆದು ಹಾಕಿದೆ. ಸಂಜೆ ತನಕ ಓಡಿಸಿದ್ರೂ ನೆಲ ಒಣಗೇ ಇತ್ತು. ಅಣ್ಣ ಬಿಡ್ತಾನಾ? "ಬಳಿದೋಳು ನೀನೇ ಅಲ್ವೇನೇ?" ಅಂತ ರೇಗಿಸಿದ.

"ಬಳಿದೋಳೂ ನಾನೇ, ನೋಡ್ದೋಳೂ ನಾನೇ. ನೀವು ಬಿಗಿದೋರು, ಅಷ್ಟೇ."

ಯುಗಾದಿ ದಿನ ಹೊಲದಲ್ಲಿ ಊರೆಲ್ಲ ಸೇರಿತ್ತು. ಪೂಜೆಗೆ ಬಂದಿದ್ದ ಅಯ್ನೋರು ಮಂತ್ರ ಹೇಳ್ತಾ, ಬೆರಳ ತುಂಬ ಒದ್ದೆ ವಿಭೂತಿ ತಗೊಂಡು ನೇರ ಆ ಮುಚ್ಚಳಕ್ಕೇ ಕೈ ಹಾಕಿದ್ರು. ಅಯ್ನೋರ ಕೈ ತಡೆಯೋದು ನಮ್ಮಲ್ಲಿ ಸಣ್ಣ ಮಾತಲ್ಲ. ಅಣ್ಣ ಆಕಾಶ ನೋಡಿದ, ನಾನು ನೆಲ ನೋಡಿದೆ. ಅತ್ತಿಗೆ ಮುಂದೆ ಬಂದು ಅಂಗೈ ಅಡ್ಡ ಹಿಡಿದ್ರು.

"ಇಲ್ಲಿ ಬೇಡಿ ಬುದ್ಧಿ. ಭಕ್ತಿ ಇರಲಿ, ಮೂಗು ಮುಚ್ಚೋ ಅಷ್ಟು ಬೇಡ" ಅಂತ, ಆ ವಿಭೂತಿಗೆ ತಮ್ಮ ಹಣೆ ಒಡ್ಡಿದ್ರು.