ಕತ್ತಿ ಮದವಿಗೆ ತಪ್ಪಲ ತಂದದ್ದು

ಜೀವಗೋಳಾನೋ ಏನೋ, ನಿನ್ನ ಸಾಲಿ ಪುಸ್ತಕದಾಗಿಂದು, ಅದನ್ನ ನನಗ ಯಾಕ ಓದಿ ಹೇಳ್ತಿ, ಅಲ್ಲಿ ಬಾಜೂಕ ಅಡಕಿ ಕತ್ತರಸ್ಕೋತ ಕುಂತಾರಲ್ಲ ನಿಮ್ಮಜ್ಜ, ಅವರಿಗೆ ಓದಿ ಹೇಳು. ಗಿಡಾ ಬೇರಿನಿಂದ ನೀರ ಎಳಕೊಂಡು ಎಲಿಯಿಂದ ಹೊಳ್ಳಿ ಗಾಳಿಗೆ ಬಿಡತಾವು, ಹವಾ ತಂಪ ಇಡತಾವು, ಮಳಿಗೂ ಅದು ಬೇಕು, ಹೌದಿಲ್ಲೋ? ನಿಮ್ಮಜ್ಜನ ಶಾಸ್ತ್ರದಾಗ ಬ್ಯಾರೆ ಇತ್ತು. ಗಿಡಾ ನೀರ ಕುಡೀತಾವು, ಅಷ್ಟ. ಕುಡದು ಏನ ಮಾಡತಾವ್ರಿ ಅಂತ ಕೇಳಿದ್ರ, "ಏನ ಮಾಡತಾವ, ಸುಮ್ನ ನಿಂದರತಾವ" ಅಂತಿದ್ರು. ತಾವು ಉಂಡು ಮಲಗತಿದ್ರಲ್ಲ, ಗಿಡಾನೂ ಹಂಗ ಅಂತ ತಿಳದಿದ್ರು.

ಎಂಬತ್ತೈದನೇ ಇಸವಿಯೋ ಎಂಬತ್ತಾರೋ, ನಿಮ್ಮಪ್ಪ ಇನ್ನೂ ನಡ್ಯಾಕ ಬರತಿರಲಿಲ್ಲ, ಅಂಬೆಗಾಲ ಇಡತಿದ್ದ. ಮಳಿ ಕೈ ಕೊಟ್ಟಿತ್ತು. ಈ ನವಲಗುಂದ ಕಡೆ ಭೂಮಿ ತಳಗಿನ ನೀರೆಲ್ಲ ಸವಳ, ಬಾಯಾಗ ಹಾಕ್ಕೊಂಡ್ರ ಉಪ್ಪ. ಕುಡ್ಯಾಕ ಊರಿಗೆಲ್ಲ ಒಂದ ಕೆರಿ. ಚಪ್ಪಲ ಬಿಟ್ಟು ಇಳೀಬೇಕು, ಅರಬಿ ಒಗಿಯೂ ಹಂಗಿಲ್ಲ, ದನಾ ಬಿಡೂ ಹಂಗಿಲ್ಲ, ಅಗದಿ ದೇವರ ಜಗಲಿ ನೋಡ್ಕೊಂಡಂಗ ನೋಡ್ಕೊಂತಿದ್ವಿ. ದಂಡಿಗುಂಟ ಬೇವು, ಹುಣಸಿ, ಜಾಲಿ ಸಾಲಾಗಿ ನಿಂತಿದ್ವು. ಸವಳ ನೀರ ಕುಡದ್ರ ನಿಮ್ಮಪ್ಪಗ ಹೊಟ್ಟಿ ನಿಲ್ಲತಿರಲಿಲ್ಲ. ಕೆರಿ ನೀರು ಇಳದಂಗ ಇಳದಂಗ ನನ್ನ ಜೀವಾ ಹಾರತಿತ್ತು. ಮಳಿ ಬರೂ ತನಕ ಕೆರಿ ನೀರು ಸಾಲಿದ್ರ ನನ್ನ ಕೂಸು ಉಳೀತೈತಿ ಅಂತ ಇದ್ದೆ.

ಒಂದಿನ ಹಿರೇರೆಲ್ಲ ಕೂಡಿ ಸಭಾ ಮಾಡಿದ್ರು. ಎಲ್ಲಿ? ಕೆರಿ ದಂಡಿಗೆ, ಬೇವಿನ ನೆಳ್ಳಾಗ, ಬಿಸಲ ಅಂತ. ನಿಮ್ಮಜ್ಜ ಎದ್ದ ನಿಂತು, "ಹೆಂಗಸ್ರು ಒಂದೊಂದ ಕೊಡ ಒಯ್ತಾರ. ಈ ಗಿಡಾ ಹಗಲೆಲ್ಲ ಹೀರತಾವು. ಕಳ್ಳರನ್ನ ದಂಡಿಗೆ ನಿಂದರಿಸಿ ಕೆರಿ ಕಾಯ್ತೀರೇನ?" ಅಂದ್ರು. ಮಂದಿ, ಹೌದ್ರಿ, ಖರೇ ಐತ್ರಿ ಅಂದ್ರು. ಮನಿಗೆ ಬಂದ ಮ್ಯಾಲ ನಾ ಅಂದೆ, "ಅಲ್ರಿ, ಆ ನೆಳ್ಳಿಗೇ ನೀರು ತಂಪ ಇರತೈತಿ, ಗಾಳೀನೂ ತಡೀತಾವು." "ನೀ ರೊಟ್ಟಿ ಬಡಿ" ಅಂದ್ರು. ಬಡದೆ. ಯಾರನ್ನ ನೆನಿಸ್ಕೊಂಡು ಬಡದೆ ಅಂತ ಕೇಳಬ್ಯಾಡ.

ಕಡದ್ರು, ಒಂದೂ ಬಿಡಲಿಲ್ಲ. ಬಿಸಲು ನೆಟ್ಟಗ ನೀರಿಗೇ ಬಿತ್ತು, ಬಯಲಗಾಳಿ ಹೊಲದ ಮಣ್ಣ ತಂದ ಕೆರ್ಯಾಗ ಸುರೀತು, ಕೈ ಹಾಕಿದ್ರ ನೀರು ಬೆಚ್ಚಗ. ಮೊದಲಿನಕಿಂತ ಜಲ್ದಿ ಇಳ್ಯಾಕ ಹತ್ತಿತು. ನಿಮ್ಮಜ್ಜ ನೋಡಿ ಬಂದು, "ಬೇರು ಉಳದಾವು, ಬೇರು ಕುಡ್ಯಾಕತ್ತಾವ" ಅಂದ್ರು. ಬೇರನೂ ಅಗಸಿದ್ರಲೇ! ನೋಡಲ್ಲಿ, ನಿಮ್ಮಜ್ಜ ಗೊಣಗಾಕ ಹತ್ಯಾರ. ಏನಂದ್ರಿ? ನೀವೊಬ್ಬರ ಹೇಳಲಿಲ್ಲ, ಊರೆಲ್ಲ ಹೇಳಿತ್ತಾ? ಹೌದ್ರಿ, ಊರಿನ ಬಾಯಿ ನೀವಾಗಿದ್ರಿ. ಸುಮ್ಕ ಅಡಕಿ ಕತ್ತರಸ್ರಿ.

ಆಮ್ಯಾಲ ಮಳಿ ಬರಲಿ ಅಂತ ಕತ್ತಿ ಮದವಿ ಮಾಡೂಣು ಅಂದ್ರು. ಒಂದ ಗಂಡ ಕತ್ತಿ, ಒಂದ ಹೆಣ್ಣ ಕತ್ತಿ, ಅರಿಷಿಣ, ಬಾಸಿಂಗ, ಬಾಜಾ, ಎಲ್ಲಾ ಆತು. ಹಂದರಕ್ಕ ಹಸರ ತಪ್ಪಲ ಬೇಕಲ್ಲ? ಊರಾಗ ಹುಡುಕಿದ್ರ ಒಂದ ಎಲಿ ಇಲ್ಲ. ನಿಮ್ಮಜ್ಜ ಟ್ರ್ಯಾಕ್ಟರ್ ತಗೊಂಡು ಮಿಶ್ರಿಕೋಟಿ ಬೀಗರ ಕಡೆ ಹೋದ್ರು, ಅದು ಮಲೆನಾಡ ಸೆರಗು, ಗಿಡಾ ಭಾಳ. ಬೀಗರು ಕೇಳಿದ್ರಂತ, "ಯಾರ ಮದವಿರೀ?" ಇವರು "ಕತ್ತೀದು" ಅಂದ್ರು. "ಗಿಡಾ ಏನಾದ್ವು?" "ಕಡದ್ವಿ." ಬೀಗರು ನಗಲಿಲ್ಲ, ಪಾಪ, ಟ್ರ್ಯಾಕ್ಟರ್ ತುಂಬ ಮಾವಿನ ತಪ್ಪಲ ಹೇರಿ ಕಳಿಸಿದ್ರು. ಹಂದರ ಹಾಕಿದ್ರು, ಅಕ್ಕಿಕಾಳ ಬಿದ್ವು, ಅಷ್ಟೊತ್ತಿಗೆ ಮದಮಗ ಗೋಣ ಎತ್ತಿ ಹಂದರಾ ತಿನ್ನಾಕ ಹತ್ತಿತು. ತಿನ್ನದ ಏನ ಮಾಡೀತು, ಹಸರ ಕಂಡು ಎಷ್ಟ ದಿನಾ ಆಗಿತ್ತೋ. ಆ ಮದವ್ಯಾಗ ಎಲಿ ಬೆಲಿ ಗೊತ್ತಿದ್ದದ್ದು ಅದೊಂದಕ್ಕ.

ಮಳಿ ಬರಲಿಲ್ಲ. ಕೆರಿ ತಳಾ ಕಂಡಿತು. ಸವಳ ನೀರ ಕುಡದು ನಿಮ್ಮಪ್ಪಗ ಹೊಟ್ಟಿ ಝಾಡಿಸಿ ಕಣ್ಣ ಒಳಗ ಹೋದ್ವು, ಅಳಾಕೂ ತ್ರಾಣ ಇಲ್ಲ. ನಗಬ್ಯಾಡ, ಇದು ನಗೂ ಮಾತಲ್ಲ. ಕೂಸು ಹೋಗತೈತಿ ಅಂತ ನಾ ಭಾಳ ಅಂಜಿದ್ದೆ. ಕೂಸನ್ನ ಬಗಲಾಗ, ಕೊಡಾ ತಲಿ ಮ್ಯಾಲ ಇಟ್ಕೊಂಡು ಬಾಜೂ ಊರಿನ ಕೆರಿಗೆ ನಡದೆ. ಅವರ ಕೆರಿ ಸುತ್ತ ಗಿಡಾ ಹಂಗ ನಿಂತಿದ್ವು, ನೀರು ತಳದಾಗರ ಇತ್ತು. ಪರ ಊರಾಕಿಗೆ ಕೊಡತಾರೋ ಇಲ್ಲೋ ಅಂತ ದಂಡಿಗೇ ನಿಂತೆ. ಅಲ್ಲಿದ್ದ ಮುದುಕಿ ಒಬ್ಬಾಕಿ, "ಯಾವೂರ ಬೇ?" ಅಂದ್ಲು. ಹೇಳಿದೆ. ಕೂಸಿನ ಮಾರಿ ನೋಡಿ, ತಾನ ಕೊಡಾ ತುಂಬಿ ತಲಿ ಮ್ಯಾಲ ಇಟ್ಟು, "ನಮ್ಮ ಗಿಡಾ ಕುಡದು ಉಳದದ್ದು ಐತಿ, ತಗೊಂಡ ಹೋಗವಾ" ಅಂದ್ಲು. ಭೂಮಿ ಬಾಯಿ ಬಿಟ್ರ ಒಳಗ ಹೋಗತಿದ್ದೆ, ಆದ್ರ ನೀರು ಬೇಕಾಗಿತ್ತು.

ಆ ನೀರಿನ ಮ್ಯಾಲ ನಿಮ್ಮಪ್ಪ ಉಳದ. ಆಕಿ ಅಂದ ಮಾತನ್ನ ಮನಿಗೆ ಬಂದು ನಿಮ್ಮಜ್ಜಗ ಇದ್ದಂಗ ಹೇಳಿದೆ. ಅವತ್ತ ಅವರು ರೊಟ್ಟಿ ಬಡಿ ಅನ್ನಲಿಲ್ಲ. ಮರುವರ್ಷ ಕೆರಿ ದಂಡಿಗೆ ಬೇವಿನ ಸಸಿ ಹಚ್ಚಿ, ಬ್ಯಾಸಗ್ಯಾಗ ತಾವು ಕುಡಿಯೂ ತಂಬಿಗಿ ನೀರ ಒಯ್ದು ಅವಕ್ಕ ಹಾಕತಿದ್ರು. ಕೇಳಿದ್ರ, ಗಿಡಾ ಕಡದದ್ದು ತಪ್ಪಾತು ಅಂತ ಇವತ್ತಿಗೂ ಒಪ್ಪಂಗಿಲ್ಲ. ಒಪ್ಪದಿದ್ರ ಬಿಡ್ಲಿ, ನೀನರ ತಿಳ್ಕೊ: ನೆಳ್ಳಾಗ ಕುಂತು ಕೊಡ್ಲಿ ಮಸೀಬಾರದು.