ಮೂರನೇ ಮಾನಿಟರ್

...ಇಲ್ಲ ಇಲ್ಲ, ಕೇಬಲ್ ಅಲ್ಲ ಕಣೋ. ಕೇಬಲ್ ನಾನೇ ಬದಲಾಯಿಸಿ ನೋಡ್ದೆ. ಇದು ಮೂರನೇ ಮಾನಿಟರ್. ಮೂರೂ ನಿಮ್ಮ ಕಂಪನೀದೇ, ಮೂರೂ ಒಂದೇ ತರ. ಎರಡು ಎದೆಬಡಿತ ನೆಟ್ಟಗೆ ತೋರಿಸುತ್ತೆ, ಆಮೇಲೆ ಒಂದು ಹಾರಿಸುತ್ತೆ... ಕೂತ್ಕೋ. ಸ್ಟೂಲ್ ಮೇಲಿರೋ ಪಂಪ್ ಎತ್ತಿಡು. ಪ್ಯಾಂಟ್ ಕೊಳೆಯಾಗುತ್ತೆ ಅಂತ ನೋಡ್ತಿದೀಯಾ? ಟೈ ಕಟ್ಟಿದ ಮೇಲೆ ನಮ್ಮ ರಿಪೇರಿ ರೂಮು ನಿನಗೆ ಹಿಡಿಸಲ್ಲ ಬಿಡು.

ಯಾಕೆ ನಗ್ತೀಯಾ? ನಿಜ ತಾನೇ? ಇದೇ ರೂಮಲ್ಲಿ ಆರು ಜನ ಗಂಡಸರಿದ್ವಿ, ಬಯೋಮೆಡಿಕಲ್ ಎಂಜಿನಿಯರ್ ಅಂತ ಎದೆ ಮೇಲೆ ಬಿಲ್ಲೆ ಹಾಕ್ಕೊಂಡು. ಮೊದಲು ನೀನು ಮಷಿನ್ ಮಾರೋಕೆ ಹೋದೆ. ನಿನ್ನ ಕಾರು ನೋಡಿ ಗುಂಡ ಹೋದ. ಗುಂಡನ ಹಿಂದೆ ಮಿಕ್ಕವರು, ಒಬ್ಬೊಬ್ಬರಾಗಿ... ಈಗ ಓದಿ ಬರೋ ಹುಡುಗರೂ ಅಷ್ಟೇ. ಸ್ಕ್ರೂಡ್ರೈವರ್ ಕೊಟ್ರೆ ಮುಖ ಸಿಂಡರಿಸ್ತಾರೆ, ವಿಸಿಟಿಂಗ್ ಕಾರ್ಡ್ ಕೇಳ್ತಾರೆ. ರಿಪೇರಿಗೆ ಅಂತ ಉಳಿದೋನು ನಾನೊಬ್ಬ. ಬೇಜಾರಾ? ಇಲ್ಲಪ್ಪ. ಆಗಬೇಕಿತ್ತು, ಆಗ್ತಿಲ್ಲ. ಏನೂ ಆಗ್ತಿಲ್ಲ ನನಗೆ.

ಹೂಂ, ನೀನು ಕೇಳಿದ್ದು ನಿಜ. ಒಂದನೇ ತಾರೀಖಿಂದ ಆಸ್ಪತ್ರೆಯವರು ಈ ರೂಮನ್ನ ಗುತ್ತಿಗೆ ಕಂಪನಿಗೆ ಕೊಡ್ತಿದಾರೆ. ನನ್ನನ್ನ ಇಟ್ಕೋತಾರಂತೆ. ಸೋಮವಾರ ಮೆಡಿಕಲ್ ಟೆಸ್ಟು, ಅದೊಂದು ಪಾಸಾದ್ರೆ ಸಾಕು. ನನ್ನ ಹೆಂಡತಿಗಾ? ಕೆಲಸ ಗಟ್ಟಿ ಅಂತ ಹೇಳಿಟ್ಟಿದೀನಿ.

ಏನು? ಮಾನಿಟರ್ ಹೇಗೆ ಟೆಸ್ಟ್ ಮಾಡ್ದೆ ಅಂತಾನಾ? ಮರೆತೇಬಿಟ್ಯಾ? ಸುಳ್ಳು ಬಡಿತ ಕೊಡೋ ಡಬ್ಬಿ ಕೆಟ್ಟು ಎಷ್ಟು ಕಾಲವಾಯ್ತು, ಹೊಸದು ತರಿಸ್ಲೇ ಇಲ್ಲ. ಆಗ ನಾವೇನ್ ಮಾಡ್ತಿದ್ವಿ? ಶರ್ಟಿನ ಗುಂಡಿ ಬಿಚ್ಚಿ ನಮ್ಮೆದೆಗೇ ತಂತಿ ಅಂಟಿಸ್ಕೊಳ್ತಿದ್ವಿ. ಕೀಳೋವಾಗ ಎದೆಗೂದಲು ಕಿತ್ತು ಬಂದು ನೀನು ಕೂಗ್ಕೊಂಡಿದ್ದು... ಈಗ ಯಾಕೆ ನಗಲ್ಲ?

ಬ್ಯಾಗಿಂದ ಏನು ತೆಗೀತಿದೀಯಾ? ಓ, ಡಬ್ಬಿ. ಕಂಪನಿ ಕೊಟ್ಟಿದೆಯಾ. ಬೇಡ ಬಿಡು, ಸುಮ್ನೆ ಯಾಕೆ... ಮಾನಿಟರ್ ಕೆಟ್ಟಿದೆ ಅಂತ ವಾಪಸ್ ತಗೊಂಡು ಹೋಗು, ಮುಗೀತು... ಹಚ್ಚೇಬಿಟ್ಯಾ.

ಹೂಂ. ಬಡಿತ ಸಮವಾಗಿದೆ. ಇನ್ನೊಂದಕ್ಕೂ ಹಾಕು... ಅದೂ ಸಮ. ಮೂರನೇದೂ.

ಹಾಗೆ ನೋಡ್ಬೇಡ. ಈ ಮಾಡೆಲ್ಲೇ ಸರಿಯಿಲ್ಲ ಅನ್ನು, ನಂಬ್ತೀನಿ... ಮೊದಲನೇದನ್ನ ನನ್ನೆದೆಗೆ ಹಾಕ್ಕೊಂಡಾಗಲೇ ಗೊತ್ತಾಯ್ತು ನನಗೆ. ಮಿಕ್ಕೆರಡು ಯಾಕೆ ಹಾಕ್ಕೊಂಡೆ ಅಂತ ಕೇಳ್ಬೇಡ. ಸೋಮವಾರಕ್ಕೆ ಏನಾದ್ರೂ ದಾರಿ ಹುಡುಕೋಣ, ಆಮೇಲೆ ಡಾಕ್ಟರ ಹತ್ರ ಹೋಗ್ತೀನಿ. ಖಂಡಿತ ಹೋಗ್ತೀನಿ.

ಕೈ ಯಾಕೆ ಹಿಡ್ಕೊಂಡೆ? ಬಿಡೋ... ವಾಚ್ ನೋಡ್ಕೊಂಡು ನಾಡಿ ಎಣಿಸ್ತಿದೀಯಾ? ಇಷ್ಟೆಲ್ಲ ಮಷಿನ್ ಇಟ್ಕೊಂಡು ಬೆರಳಲ್ಲಿ ಎಣಿಸ್ತಾನೆ ನೋಡು. ಸರಿ, ಎಣಿಸು.

ಒಂದು... ಎರಡು... ಹಾರ್ತು, ಅಲ್ವಾ?

ಮಾತಾಡೋ.

...ಬೇಡ, ಮಾತಾಡ್ಬೇಡ. ಮಾನಿಟರ್ ಮೂರೂ ಸರಿಯಿವೆ ಕಣೋ.